ಹಲಗೆಯ ಮೇಲೊಂದು ರಣರಂಗ

ಶಾಲೆಯ ವಸ್ತುಪ್ರದರ್ಶನ ಹತ್ತಿರ ಬಂತೆಂದರೆ ಮನೆತುಂಬ ಥರ್ಮಾಕೋಲ್ ಚೂರು, ಫೆವಿಕಾಲ್ ಡಬ್ಬಿ. ಕೊನೆಗೆ ತಯಾರಾಗುವುದು ಬಹುಪಾಲು ಅದೇ ಜ್ವಾಲಾಮುಖಿ. ಅದರಲ್ಲೂ ಅರ್ಧ ಕೆಲಸ ಅಪ್ಪನದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಗಟ್ಟಿ ಕೆಲಸವೊಂದು ಊರ ಪಕ್ಕದಲ್ಲೇ ಕಾದಿದೆ. ಅದರ ಹೆಸರು ಡಯೊರಾಮ.

ನಡೆದ ಘಟನೆಯ ಒಂದೇ ಒಂದು ಗಳಿಗೆಯನ್ನು ಹಿಡಿದು, ನೆಲ, ಗೋಡೆ, ಗಿಡ, ಮನುಷ್ಯರ ಸಮೇತ ಅಳತೆಗಿಳಿಸಿ ಹಲಗೆಯ ಮೇಲೆ ನಿಲ್ಲಿಸುವ ಕಲೆ ಇದು. ಜಗತ್ತಿನ ಹವ್ಯಾಸಿಗಳಲ್ಲಿ ಯುದ್ಧದ ದೃಶ್ಯಗಳಿಗೇ ಹೆಚ್ಚು ಒಲವು. ಟ್ಯಾಂಕು, ಸೈನಿಕರಿಗೆ 1:35ರ ಅಳತೆ ಬಳಕೆಯಲ್ಲಿದೆ. ಅಂದರೆ ಐದೂವರೆ ಅಡಿಯ ಆಳು ಇಲ್ಲಿ 5 ಸೆಂಟಿಮೀಟರಿಗೂ ಗಿಡ್ಡ.

ಈ ಸೀಮೆಗೆ ಇದು ತೀರ ಹೊಸತೇನಲ್ಲ. ಊರೂರಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಬೇಕು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಆದರೆ ಶಿಲ್ಪಿ ಅಲ್ಲಿ ಅನೇಕ ವೇಳೆ ವೀರನನ್ನು ದೊಡ್ಡದಾಗಿ, ವೈರಿಯನ್ನು ಚಿಕ್ಕದಾಗಿ ಕಡೆಯುತ್ತಾನೆ. ಡಯೊರಾಮದಲ್ಲಿ ಆ ಸಲಿಗೆ ಇಲ್ಲ. ಇಬ್ಬರಿಗೂ ಒಂದೇ ಅಳತೆಪಟ್ಟಿ.

ಈ ಪಟ್ಟಿ ಎಷ್ಟು ಬಿಗಿ ಎಂಬುದನ್ನು ಬ್ರಿಟಿಷ್ ಸೇನೆಯ ಅಧಿಕಾರಿ ವಿಲಿಯಂ ಸೈಬೋರ್ನ್ ಕಂಡಿದ್ದ. 1815ರ ವಾಟರ್ಲೂ ಕದನದ ಮಾದರಿ ಮಾಡಲು ಆತ ರಣಭೂಮಿಯಲ್ಲೇ ಎಂಟು ತಿಂಗಳು ಬಿಡಾರ ಹೂಡಿ ನೆಲ ಅಳೆದ. ಕಾದಾಡಿದ್ದ ಅಧಿಕಾರಿಗಳಿಗೆ ಪತ್ರ ಬರೆದು ಯಾರು ಎಲ್ಲಿದ್ದಿರಿ ಎಂದು ಕೇಳಿದ. ಸುಮಾರು 75 ಸಾವಿರ ಲೋಹದ ಬೊಂಬೆಗಳ ಆ ಮಾದರಿ 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ಬಂತು. ಪ್ರಷ್ಯನ್ ಸೈನಿಕರು ನಿಂತ ಜಾಗದ ಬಗ್ಗೆ ಸ್ವತಃ ಸೇನಾಪತಿ ವೆಲ್ಲಿಂಗ್ಟನ್ ತಕರಾರು ತೆಗೆದ. ಬೊಂಬೆ ಒಂದಿಷ್ಟು ಅತ್ತಿತ್ತಾದರೆ ಗೆಲುವಿನ ಕೀರ್ತಿ ಯಾರದೆಂಬುದೇ ಬದಲಾಗುತ್ತದಲ್ಲ!

ಹಾಗಾದರೆ ಇಲ್ಲಿನ ಮಕ್ಕಳು ಮಾಡಬೇಕಾದ ದೃಶ್ಯ ಯಾವುದು? ವಾಟರ್ಲೂ ಬೇಕಿಲ್ಲ, ಹೊಸರಿತ್ತಿ ಇದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದಾಗ ವಯಸ್ಸು 18. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇರಿಸಿದ್ದ ಸರ್ಕಾರಿ ಕಂದಾಯದ ಮೇಲೆ ಸಂಗಡಿಗರೊಂದಿಗೆ ದಾಳಿಯಿಟ್ಟಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ಇನ್ನಿಬ್ಬರು.

ಮಾದರಿ ಮಾಡಲು ಕೂತ ಹುಡುಗನಿಗೆ ಪಾಠದ ಪುಸ್ತಕದ ಈ ನಾಲ್ಕು ಸಾಲು ಸಾಲವು. ಗುಂಡು ಬಂದದ್ದು ಯಾವ ದಿಕ್ಕಿನಿಂದ? ಬಾಗಿಲ ಎತ್ತರವೆಷ್ಟು? ನೆರಳು ಎತ್ತ ಬಿದ್ದಿತ್ತು? ಉತ್ತರಕ್ಕೆ ಬಸ್ಸು ಹತ್ತಿ ಹೊಸರಿತ್ತಿಗೆ ಹೋಗಬೇಕು, ಟೇಪು ಹಿಡಿದು ಅಳೆಯಬೇಕು, ಊರ ಹಿರಿಯರ ಮುಂದೆ ಕೂರಬೇಕು. ಮೈಕಟ್ಟಿನ ನಿಲುವು ಕಲಿಯಲು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಗೂ ಹೋಗಬಹುದು, ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಜನ ಆಳೆತ್ತರದ ಶಿಲ್ಪಗಳಾಗಿ ನಿಂತಿದ್ದಾರೆ.

ಸಾಮಗ್ರಿಗೆ ಹೆಚ್ಚು ಖರ್ಚಿಲ್ಲ. ಬುಡಕ್ಕೆ ಪ್ಲೈವುಡ್, ಏರುತಗ್ಗಿಗೆ ಥರ್ಮಾಕೋಲ್, ಮೇಲೆ ಪ್ಲಾಸ್ಟರ್. ಮೈಗಳಿಗೆ ತಂತಿಯ ಅಸ್ಥಿ, ಅದರ ಮೇಲೆ ಎಂ-ಸೀಲ್. ಒಣಗಿದ ಹುಲ್ಲಿಗೆ ತೆಂಗಿನ ನಾರು. ಮಣ್ಣನ್ನು ಮಾತ್ರ ಹಿಟ್ಟು ಜರಡಿಯಲ್ಲಿ ಎರಡು ಸಲ ಸೋಸಬೇಕು. 5 ಮಿಲಿಮೀಟರಿನ ಹರಳೊಂದು ಉಳಿದರೂ ಈ ಅಳತೆಯಲ್ಲಿ ಅದು ಗೇಣುದ್ದಕ್ಕೆ ಸಮೀಪದ ಕಲ್ಲು! ಬಣ್ಣದಲ್ಲಿ ಎರಡು ಹಂತ. ಮೊದಲು ನೀರಾದ ಕಂದು ಬಣ್ಣ ಹರಿಯಬಿಟ್ಟು ಸಂದುಗಳನ್ನು ಕಪ್ಪಾಗಿಸುವುದು. ಒಣಗಿದ ಮೇಲೆ, ಬಹುತೇಕ ಒರೆಸಿದ ಕುಂಚದಲ್ಲಿ ತಿಳಿ ಬಣ್ಣವನ್ನು ಅಂಚುಗಳಿಗೆ ಸವರುವುದು. ಹೊಸ ಗೋಡೆ ಹಳೆಯದಾಗುವುದು ಇಲ್ಲೇ. ಬಣ್ಣಕ್ಕೇ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಕೈಗೆ ಸಿಗುತ್ತದೆಂದು ಹಲಗೆಗೆ ಉದುರಿಸಬಾರದು. ಬೆಳಕಿಗೆ ಅದು ಮಾಸುತ್ತದೆ. ಸಾರಿಗೇ ಇರಲಿ.

ಪಾಲಕರ ಪಾಲಿಗೆ ಉಳಿಯುವುದು ಬ್ಲೇಡು ಮತ್ತು ಥಿನ್ನರ್. ಥಿನ್ನರ್ ಸೋಕಿದರೆ ಥರ್ಮಾಕೋಲ್ ಕರಗಿಹೋಗುತ್ತದೆ, ಅದರ ವಾಸನೆಯೂ ಒಳ್ಳೆಯದಲ್ಲ. ಬೊಂಬೆ ಸೊಟ್ಟಗಾಯಿತೆಂದು ಅಪ್ಪ ಕೈ ಹಾಕುವುದು ಬೇಡ.

ಕಷ್ಟದ ಬೊಂಬೆ ಮಹಾದೇವರದಲ್ಲ, ಬಂದೂಕು ಹಿಡಿದ ಪೊಲೀಸನದು. ಅವನನ್ನು ರಾಕ್ಷಸನಂತೆ ಮಾಡಲು ಕೈ ತಾನಾಗಿ ಹೋಗುತ್ತದೆ. ಅವನೂ 5 ಸೆಂಟಿಮೀಟರಿನೊಳಗಿನ ಆಳೇ. ಅವನ ಮುಖದಲ್ಲಿ ಸಿಟ್ಟಿತ್ತೋ ಗಾಬರಿಯಿತ್ತೋ ಎಂಬುದನ್ನು ಮಾಡುವವರೇ ಯೋಚಿಸಿ ತೀರ್ಮಾನಿಸಬೇಕು.

ಕೊನೆಗೆ ಹಲಗೆಯ ಅಂಚಿಗೆ ಒಂದು ಪಟ್ಟಿ: ಹೊಸರಿತ್ತಿ, 1-4-1943, ಅಳತೆ 1:35. ಕೆಳಗೆ ಮೂರು ಹೆಸರು, ಒಂದೇ ಗಾತ್ರದ ಅಕ್ಷರದಲ್ಲಿ: ಮೈಲಾರ ಮಹಾದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ.