ವಯಸ್ಸಾದ ಗಂಡಸರ ಮೂತ್ರದ ತೊಂದರೆ: ಗಿಡಮೂಲಿಕೆಗಳನ್ನು ಎಷ್ಟು ನಂಬಬಹುದು?



ಐವತ್ತು ದಾಟಿದ ಅನೇಕ ಗಂಡಸರಿಗೆ ರಾತ್ರಿ ಎರಡು ಮೂರು ಸಲ ಎದ್ದು ಮೂತ್ರಕ್ಕೆ ಹೋಗಬೇಕಾಗುತ್ತದೆ. ಹೋದರೂ ಬೇಗ ಶುರುವಾಗುವುದಿಲ್ಲ. ಧಾರೆ ಸಣ್ಣದಾಗಿ, ತಡೆತಡೆದು ಬರುತ್ತದೆ. ಮುಗಿದ ಮೇಲೂ ಇನ್ನೂ ಉಳಿದಿದೆ ಎನಿಸುತ್ತದೆ. ವಯಸ್ಸಾಯಿತು, ಇದೆಲ್ಲ ಇದ್ದದ್ದೇ ಎಂದು ಹಲವರು ಸುಮ್ಮನಿರುತ್ತಾರೆ. ಇನ್ನು ಕೆಲವರು ಸಂಕೋಚದಿಂದ ಯಾರಿಗೂ ಹೇಳದೆ, ಗಿಡಮೂಲಿಕೆಯದು, ತೊಂದರೆ ಇಲ್ಲ ಎಂದು ಮಾರುವ ಪುಡಿ, ಗುಳಿಗೆಗಳನ್ನು ತಂದು ನುಂಗುತ್ತಾರೆ. ಇವುಗಳಲ್ಲಿ ಯಾವುದರಿಂದ ಪ್ರಯೋಜನವಿದೆ, ಯಾವುದಕ್ಕೆ ಹಣ ಹಾಕುವುದು ವ್ಯರ್ಥ, ಅಪಾಯ ಎಲ್ಲಿದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ತೊಂದರೆ ಏಕೆ ಬರುತ್ತದೆ?

ಗಂಡಸರ ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಎಂಬ ಗ್ರಂಥಿ ಇದೆ. ತೂಕ ಸುಮಾರು 20 ಗ್ರಾಂ, ಗಾತ್ರ ದೊಡ್ಡ ನೆಲ್ಲಿಕಾಯಿಯಷ್ಟು. ಮೂತ್ರನಾಳ ಇದರ ನಡುವೆಯೇ ಹಾದುಹೋಗುತ್ತದೆ. ವಯಸ್ಸಾದಂತೆ ಗ್ರಂಥಿ ಬೆಳೆದು ನಾಳವನ್ನು ಒತ್ತುತ್ತದೆ. ಅರವತ್ತರ ವಯಸ್ಸಿನ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ಬೆಳವಣಿಗೆ ಇರುತ್ತದೆ. ಇದು ಕ್ಯಾನ್ಸರ್ ಅಲ್ಲ.

ಕೆರೆಯ ತೂಬು ಕಿರಿದಾದರೆ ಏನಾಗುತ್ತದೆಂದು ನಿಮಗೆ ಗೊತ್ತು. ಹೊರಹೋಗುವ ನೀರು ಕಡಿಮೆಯಾಗಿ ಒಳಗೆ ನಿಲ್ಲುತ್ತದೆ. ಮೂತ್ರಕೋಶದಲ್ಲೂ ಹೀಗೆಯೇ. ನಿಂತ ಮೂತ್ರದಲ್ಲಿ ಸೋಂಕು, ಕಲ್ಲು ಉಂಟಾಗಬಹುದು. ಒತ್ತಡ ಹಿಂದಕ್ಕೆ ಏರಿ ಮೂತ್ರಪಿಂಡಗಳೇ ಕೆಡಬಹುದು. ಹೀಗೆ ಕೆಡುವಾಗ ನೋವು ಕಾಣದೆಯೂ ಇರಬಹುದು. ಆದ್ದರಿಂದಲೇ ಪರೀಕ್ಷೆ ಇಲ್ಲದೆ ವರ್ಷಗಟ್ಟಲೆ ಪುಡಿ ನುಂಗುತ್ತಾ ಕೂರುವುದು ಅಪಾಯ.

ಹೊರದೇಶದ ಮೂಲಿಕೆಗಳು

1) ಸಾ ಪಾಮೆಟೊ: ಅಮೆರಿಕದ ಫ್ಲಾರಿಡಾ ಮೊದಲಾದ ಕಡೆ ಬೆಳೆಯುವ ಕುಳ್ಳು ತಾಳೆಯ ಹಣ್ಣಿನ ಸಾರ. ದುಬಾರಿ ಗುಳಿಗೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. 2006ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 225 ಗಂಡಸರನ್ನು ಒಂದು ವರ್ಷ ಪರೀಕ್ಷಿಸಲಾಯಿತು. ಸಾರ ತೆಗೆದುಕೊಂಡವರಿಗೂ ಹುಸಿ ಗುಳಿಗೆ ತೆಗೆದುಕೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. 2011ರ ಇನ್ನೊಂದು ಪ್ರಯೋಗದಲ್ಲಿ ಪ್ರಮಾಣವನ್ನು ಮೂರು ಪಟ್ಟು ಏರಿಸಿದರೂ ಫಲಿತಾಂಶ ಅದೇ. ಇದಕ್ಕೆ ಹಣ ಹಾಕಬೇಡಿ.

2) ಪೈಜಿಯಂ: ಆಫ್ರಿಕಾದ ಬೆಟ್ಟಗಳಲ್ಲಿ ಬೆಳೆಯುವ ಮರದ ತೊಗಟೆ. ಚಿಕ್ಕ, ಅಲ್ಪಾವಧಿಯ ಪ್ರಯೋಗಗಳಲ್ಲಿ ಸ್ವಲ್ಪ ಅನುಕೂಲ ಕಂಡಿದೆ, ಖಚಿತವಾಗಿ ಹೇಳಲು ಅದು ಸಾಲದು. ಬೇಡಿಕೆ ಹೆಚ್ಚಿ ತೊಗಟೆಯನ್ನು ಸುತ್ತಲೂ ಸುಲಿದದ್ದರಿಂದ ಕ್ಯಾಮರೂನ್, ಮಡಗಾಸ್ಕರ್‌ಗಳಲ್ಲಿ ಮರಗಳು ಸತ್ತವು. 1995ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿದೆ.

3) ವಿಟಮಿನ್ ಇ ಮತ್ತು ಸೆಲೆನಿಯಂ: ಇವು ಮೂಲಿಕೆಗಳಲ್ಲದಿದ್ದರೂ ಅದೇ ಡಬ್ಬಿಯಲ್ಲಿ ಬೆರೆತು ಬರುತ್ತವೆ. 35,000ಕ್ಕೂ ಹೆಚ್ಚು ಗಂಡಸರ ಮೇಲಿನ ಪ್ರಯೋಗದ 2011ರ ವರದಿಯಂತೆ, ಹೆಚ್ಚಿನ ಪ್ರಮಾಣದ ವಿಟಮಿನ್ ಇ ಮಾತ್ರ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡ 17ರಷ್ಟು ಹೆಚ್ಚಾಗಿತ್ತು. ಶಕ್ತಿಗೆಂದು ನುಂಗಿದ್ದು ಕೇಡು ತಂದಿತು.

ನಮ್ಮ ಹೊಲ ಹಿತ್ತಲಿನ ಮೂಲಿಕೆಗಳು

ನೆಗ್ಗಿಲು ಮುಳ್ಳು (ಗೋಕ್ಷುರ): ಬೀಳು ಭೂಮಿಯಲ್ಲಿ ನೆಲಕ್ಕೆ ಹರಡಿ, ಹಳದಿ ಹೂ ಬಿಟ್ಟು, ಅಂಗಾಲಿಗೆ ಚುಚ್ಚುವ ಕಾಯಿ ಕೊಡುವ ಗಿಡ. ದಶಮೂಲಗಳಲ್ಲಿ ಒಂದು. ಮೂತ್ರ ಕಟ್ಟುವ ರೋಗಗಳನ್ನು ಸುಶ್ರುತ ಸಂಹಿತೆ ಮೂತ್ರಾಘಾತ ಎಂಬ ಹೆಸರಿನಲ್ಲಿ ವಿವರಿಸಿದೆ. ಆಯುರ್ವೇದದಲ್ಲಿ ಇಂಥ ತೊಂದರೆಗೆ ಗೋಕ್ಷುರ, ಕೊಮ್ಮೆ ಗಿಡ (ಪುನರ್ನವ) ಮತ್ತು ವರುಣ ಮರದ ತೊಗಟೆ ಬಳಕೆಯಲ್ಲಿವೆ. ಬಳಕೆ ಹಳೆಯದಾದರೂ ದೊಡ್ಡ, ದೀರ್ಘ ಪ್ರಯೋಗಗಳ ಬೆಂಬಲ ಇವಕ್ಕೆ ಇನ್ನೂ ದೊರೆತಿಲ್ಲ. ನೆಗ್ಗಿಲಿನ ಸಾರವನ್ನು ಮನಬಂದಂತೆ ಸೇವಿಸಿ ಯಕೃತ್ತು, ಮೂತ್ರಪಿಂಡಗಳಿಗೆ ಪೆಟ್ಟಾದ ಪ್ರಕರಣ ವರದಿಯಾಗಿದೆ. ಅರ್ಹ ವೈದ್ಯರ ಕೈಯಿಂದಲೇ ಪಡೆಯಿರಿ.

ಮೂಲಿಕೆ ಸಂಗ್ರಹಿಸಿ ಮಾರುವವರಿಗೆ ಒಂದು ಮಾತು. ನೆಗ್ಗಿಲಿನ ಬದಲು ಆನೆ ನೆಗ್ಗಿಲು ಬೆರೆಯುವುದುಂಟು. ಎರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಆನೆ ನೆಗ್ಗಿಲಿನ ಕಾಯಿ ದೊಡ್ಡದು, ಹಸಿ ಗಿಡವನ್ನು ನೀರಿನಲ್ಲಿ ಆಡಿಸಿದರೆ ನೀರು ಲೋಳೆಯಾಗುತ್ತದೆ. ಬೇರ್ಪಡಿಸಿಯೇ ಮಾರಿ.

ಸಿಹಿಗುಂಬಳದ ಬೀಜ: ಇದ್ದುದರಲ್ಲಿ ನಿರಪಾಯಕಾರಿ. 2015ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ 1,400ಕ್ಕೂ ಹೆಚ್ಚು ಗಂಡಸರು ಭಾಗವಹಿಸಿದ್ದರು. ದಿನಕ್ಕೆ ಎರಡು ಸಲ 5 ಗ್ರಾಂ ಬೀಜ ತಿಂದವರಲ್ಲಿ ಒಂದು ವರ್ಷದ ನಂತರ ಶೇಕಡ 58ರಷ್ಟು ಮಂದಿಗೆ ಲಕ್ಷಣಗಳು ಗಮನಾರ್ಹವಾಗಿ ತಗ್ಗಿದವು. ಹುಸಿ ಔಷಧಿಯವರಲ್ಲೂ ಶೇಕಡ 47ರಷ್ಟು ಮಂದಿಗೆ ತಗ್ಗಿತ್ತು. ಅಂದರೆ ಲಾಭ ಅಲ್ಪ. ಅದೇ ಬೀಜದ ಸಾರದ ಗುಳಿಗೆಯಿಂದ ಆ ಅಲ್ಪ ಲಾಭವೂ ಕಾಣಲಿಲ್ಲ.

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್, ಅರ್ಕಾ ಸೂರ್ಯಮುಖಿ ತಳಿಗಳನ್ನು ಹಿತ್ತಲಲ್ಲೇ ಬೆಳೆಯಬಹುದು. ಪೂರ್ಣ ಬಲಿತ ಕಾಯಿಯ ಬೀಜ ತೆಗೆದು, ತೊಳೆದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಸಿಪ್ಪೆ ಸುಲಿದು ತಿನ್ನಿ. ಬೂಷ್ಟು ಹಿಡಿದದ್ದು ಬೇಡ. ಬಿತ್ತನೆಗೆಂದು ಕೊಂಡ, ಔಷಧಿ ಲೇಪಿಸಿದ ಬಣ್ಣದ ಬೀಜವನ್ನು ಎಂದಿಗೂ ತಿನ್ನಬಾರದು, ಅದು ವಿಷ.

ಅನುಸರಿಸಬೇಕಾದ ಕ್ರಮಗಳು

* ಮಲಗುವ ಎರಡು ಗಂಟೆ ಮೊದಲು ನೀರು ಕಡಿಮೆ ಮಾಡಿ. ಸಂಜೆಯ ಮೇಲೆ ಕಾಫಿ, ಟೀ ಬಿಡಿ.
* ಪದೇಪದೇ ಹೋಗಬೇಕಾಗುತ್ತದೆಂದು ಹಗಲು ಬಿಸಿಲಿನ ಕೆಲಸದಲ್ಲಿ ನೀರು ಬಿಡಬೇಡಿ. ಕಲ್ಲು ಕಟ್ಟುತ್ತದೆ.
* ಮೂತ್ರ ಮಾಡಿದ ಮೇಲೆ ಒಂದೆರಡು ನಿಮಿಷ ತಡೆದು ಮತ್ತೊಮ್ಮೆ ಪ್ರಯತ್ನಿಸಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ.
* ನೆಗಡಿ, ಕೆಮ್ಮಿನ ಕೆಲವು ಮಾತ್ರೆ, ಸಿರಪ್‌ಗಳಿಂದ ಮೂತ್ರ ಪೂರಾ ಕಟ್ಟಿಬಿಡಬಹುದು. ಕೊಳ್ಳುವಾಗ ನಿಮ್ಮ ತೊಂದರೆ ತಿಳಿಸಿ.
* ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ಯಾವ ಮೂಲಿಕೆಯನ್ನೂ ವೈದ್ಯರಿಗೆ ಹೇಳದೆ ಬಳಸಬಾರದು.
* ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ, ಒಳಗಿರುವ ವಸ್ತುಗಳ ಪಟ್ಟಿ ಇಲ್ಲದ ಪುಡಿಯನ್ನು ಕೊಳ್ಳಬೇಡಿ.

ತಡಮಾಡದೆ ವೈದ್ಯರ ಬಳಿಗೆ

ಮೂತ್ರ ಪೂರ್ಣ ಕಟ್ಟಿ ಹೊಟ್ಟೆಯ ಕೆಳಭಾಗ ಉಬ್ಬಿದರೆ ಅದೇ ಕ್ಷಣ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲೆಂದು ಕಾಯಬಾರದು. ಮೂತ್ರದಲ್ಲಿ ರಕ್ತ, ಚಳಿಜ್ವರ, ಅರಿವಿಲ್ಲದೆ ಸೋರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಬೆನ್ನೆಲುಬಿನ ನೋವು ಇದ್ದರೂ ತೋರಿಸಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಆರಂಭದಲ್ಲಿ ಲಕ್ಷಣವನ್ನೇ ತೋರದಿರಬಹುದು.

ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ, ಸ್ಕ್ಯಾನ್‌ಗಳಿಂದ ಕಾಯಿಲೆ ಯಾವುದೆಂದು ತಿಳಿಯುತ್ತದೆ. ಟ್ಯಾಮ್ಸುಲೋಸಿನ್ ಮಾತ್ರೆ ಕೆಲವು ದಿನಗಳಲ್ಲೇ ನಾಳದ ಬಿಗಿತ ಸಡಿಲಿಸುತ್ತದೆ. ಫಿನಾಸ್ಟರೈಡ್ ಗ್ರಂಥಿಯನ್ನು ಕುಗ್ಗಿಸುತ್ತದೆ, ಅದಕ್ಕೆ ಆರು ತಿಂಗಳು ಬೇಕಾಗಬಹುದು. ಸಾಲದಿದ್ದರೆ ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ಎತ್ತು ಮೇವು ಬಿಟ್ಟರೆ ಅದೇ ದಿನ ಪಶುವೈದ್ಯರನ್ನು ಕರೆಸುವ ನಾವು ನಮ್ಮ ದೇಹದ ವಿಷಯದಲ್ಲಿ ಸಂಕೋಚಪಡುವುದು ಸರಿಯಲ್ಲ. ಕುಂಬಳ ಬೀಜ ತಿನ್ನಿ, ಆದರೆ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ. ಮನೆಯಲ್ಲಿ ತಂದೆಗೋ ಅಣ್ಣನಿಗೋ ಈ ತೊಂದರೆ ಇದ್ದರೆ ನೀವೇ ಕೇಳಿ, ಜೊತೆಗೆ ಕರೆದುಕೊಂಡು ಹೋಗಿ.