ಕಿಟಕಿ ಕೆಳಗಿನ ಚೀಟಿಗಳು

ಹರಿಹರದಲ್ಲಿ ಶಿವಮೊಗ್ಗ ಬಸ್ಸು ಹತ್ತಿ ಮಲೆಬೆನ್ನೂರಿನಲ್ಲಿ ಇಳಿದದ್ದು ಭದ್ರಾ ನಾಲೆಯ ನೀರಿನ ಸುದ್ದಿಗೆ. ಸಿಕ್ಕಿದ್ದು ಒಂದು ಬಿಸ್ಕತ್ತಿನ ಡಬ್ಬಿ. ಪದವಿ ಕಾಲೇಜಿನಿಂದ ನಿವೃತ್ತರಾದ ಮೇಷ್ಟ್ರೊಬ್ಬರು ಚಹಾ ಕೊಟ್ಟು, “ಇದನ್ನೊಂದಿಷ್ಟು ನೋಡ್ರಿ” ಅಂತ ಮುಂದಿಟ್ಟರು. ಒಳಗೆ ಬರೀ ಕಾಪಿ ಚೀಟಿ! ಸ್ಕ್ವಾಡ್ ಬಂತೆಂದಾಗ ಕಿಟಕಿಯಿಂದ ಹಾರಿದವು, ಪರೀಕ್ಷೆ ಮುಗಿದ ಮೇಲೆ ಇವರು ಆರಿಸಿಟ್ಟುಕೊಂಡವು.

ಒಂದಂತೂ ಇನ್ನೂ ಕಣ್ಣಿಗೆ ಕಟ್ಟಿದೆ. ಬಸ್ ಟಿಕೆಟ್ಟಿನಷ್ಟೇ ಅಗಲ. ಅದರಲ್ಲಿ ಉತ್ತರವೇ ಇಲ್ಲ, ಇರುವುದು ವಿಳಾಸ: ಘಟಕ 1 ಎಡ ತೋಳು, ಘಟಕ 2 ಸಾಕ್ಸ್, ಘಟಕ 4 ಬೆಲ್ಟ್. ಚೀಟಿಗಳಿಗೂ ಪರಿವಿಡಿ! ಮೂರನೆಯದು ಎಲ್ಲಿ ಅಂತ ತಿರುಗಿಸಿ ಮುರುಗಿಸಿ ನೋಡಿದೆ. ಮೇಷ್ಟ್ರು ನಕ್ಕರು. “ಅದು ಅವನಿಗೆ ಬರ್ತಿತ್ತು.”

ಅಕ್ಷರ ಗುರುತು ಹಿಡಿದು ಹುಡುಗನನ್ನು ಮನೆಗೇ ಕರೆಸಿದ್ದರಂತೆ. ಬೈಯಲಿಲ್ಲ, ಡಿಬಾರ್ ಮಾತೆತ್ತಲಿಲ್ಲ. “ಎರಡನೇ ಘಟಕ ಕನ್ನಡದಾಗೆ ಹೇಳು ಅಂದೆ. ಗಡಗಡ ಹೇಳಿದ. ಇಂಗ್ಲಿಷಿನಾಗೆ ಬರಿ ಅಂದ್ರೆ ಪೆನ್ನೇ ಏಳಲಿಲ್ಲ.” ಪಿಯುಸಿವರೆಗೆ ಕನ್ನಡ ಮಾಧ್ಯಮ, ಬಿಎಸ್ಸಿಗೆ ಬಂದು ಬಾಯಿ ಕಟ್ಟಿತ್ತು. ನಾಲ್ಕು ಸಂಜೆ ಕೂತು ಅವನದೇ ಪುಟ್ಟ ಪುಟ್ಟ ವಾಕ್ಯ ಕಟ್ಟಿಸಿದರು. ಮುಂದಿನ ಸೆಮಿಸ್ಟರಿನಲ್ಲಿ ಕಿಟಕಿ ಕೆಳಗೆ ಆ ಅಕ್ಷರ ಸಿಗಲಿಲ್ಲ. “ಇನ್ನೂ ಚೆನ್ನಾಗಿ ಬಚ್ಚಿಟ್ಟಿರಬಹುದಲ್ಲ ಸರ್?” ಅಂದೆ. “ಇರಬಹುದು” ಎಂದು ಒಪ್ಪಿಕೊಂಡರು. ಅವರ ಮೇಲೆ ನಂಬಿಕೆ ಹುಟ್ಟಿದ್ದು ಆಗಲೇ.

ಕಾಪಿಗೆ ನಮ್ಮ ಉಳಿದ ಮದ್ದುಗಳು ನಿಮಗೆ ಗೊತ್ತೇ ಇವೆ. 2019ರಲ್ಲಿ ಪಕ್ಕದ ಹಾವೇರಿಯ ಪಿಯು ಕಾಲೇಜೊಂದು ವಿದ್ಯಾರ್ಥಿಗಳ ತಲೆಗೆ ರಟ್ಟಿನ ಪೆಟ್ಟಿಗೆ ತೊಡಿಸಿ ಪರೀಕ್ಷೆ ಬರೆಸಿತು, ಫೋಟೊ ದೇಶವೆಲ್ಲ ಸುತ್ತಿತು. 2024ರಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ 83.89 ಇದ್ದ ಶೇಕಡಾವಾರು ಫಲಿತಾಂಶ, ಕೃಪಾಂಕ ಕೊಟ್ಟರೂ 73.40ಕ್ಕೆ ಬಿತ್ತು. ಕ್ಯಾಮೆರಾ ಕೈ ತಡೆಯುತ್ತದೆ, ಸರಿ. ಆದರೆ ಕೈ ಏಕೆ ಹೋಯಿತೆಂದು ಅದು ಕೇಳುವುದಿಲ್ಲ.

ಕೇಳಬೇಕಾದವರ ವ್ಯವಸ್ಥೆ ಕಾಗದದ ಮೇಲಿದೆ. ಸುಮಾರು 25 ವಿದ್ಯಾರ್ಥಿಗಳ ತಂಡಕ್ಕೊಬ್ಬ ಅಧ್ಯಾಪಕ ಆಪ್ತಸಮಾಲೋಚಕನಾಗಿರಲಿ ಎಂದು ಯುಜಿಸಿ 2015ರ ಮಾರ್ಗಸೂಚಿಯಲ್ಲೇ ಹೇಳಿದೆ. ಕಾಲೇಜುಗಳ ಮೌಲ್ಯಮಾಪನಕ್ಕೆ ಬರುತ್ತಿದ್ದ ನ್ಯಾಕ್ ತಂಡವೂ ಮೆಂಟರ್ ಲೆಕ್ಕ ಕೇಳಿದ್ದುಂಟು. ನಾನು ಕಂಡ ಒಂದು ಮೆಂಟರ್ ರಿಜಿಸ್ಟರಿನಲ್ಲಿ ಇಡೀ ವರ್ಷದ ಸಮಾಲೋಚನೆ ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿನಲ್ಲಿ ನಡೆದುಹೋಗಿತ್ತು. ಅದು ಕಾಪಿಯಲ್ಲದೆ ಮತ್ತೇನು?

ಕಾಪಿ ಹೊಡೆಯೆನೆಂದು ಪ್ರತಿಜ್ಞೆ ಬೋಧಿಸುವುದರ ಮೇಲೂ ನನಗೆ ಭರವಸೆ ಇಲ್ಲ. ನಿಜವನ್ನೇ ಹೇಳುತ್ತೇನೆಂದು ಮೊದಲೇ ಸಹಿ ಹಾಕಿಸಿಕೊಂಡರೆ ಜನ ಸುಳ್ಳು ಹೇಳುವುದು ಕಡಿಮೆ ಎಂದು ಸಾರಿದ್ದ ಅಮೆರಿಕದ 2012ರ ಹೆಸರಾಂತ ಸಂಶೋಧನಾ ಪ್ರಬಂಧವನ್ನು 2021ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ದತ್ತಾಂಶವೇ ಕೃತಕ ಎಂಬುದು ಬಯಲಾಗಿತ್ತು! ಮೇಷ್ಟ್ರಿಗೆ ಇದನ್ನು ಹೇಳಿದಾಗ ಚಹಾ ನೆತ್ತಿಗೇರುವಷ್ಟು ನಕ್ಕರು.

ಡಬ್ಬಿಯ ತಳದಲ್ಲಿದ್ದವೆಲ್ಲ ಈಚಿನವು, ಮೈಕ್ರೊ ಜೆರಾಕ್ಸು. ಪುಟವಿಡೀ ಹೆಬ್ಬೆರಳಿನಷ್ಟಾಗಿದೆ. “ಇವು ನನಗೆ ಉಪಯೋಗಿಲ್ರಿ” ಅಂದರು. “ಅಕ್ಷರ ಯಾರದಂತ ಹುಡುಕ್ಲಿ?”

ಬಸ್ಸಿಗೆ ಕಾಯುತ್ತ, ಸುಮ್ಮನೆ ಜೆರಾಕ್ಸ್ ಅಂಗಡಿಯವನನ್ನು ಎಷ್ಟು ಚಿಕ್ಕದು ಮಾಡಿಕೊಡ್ತೀಯಪ್ಪ ಎಂದು ಕೇಳಿದೆ. ನನ್ನ ನರೆತ ತಲೆಯನ್ನೂ ಲೆಕ್ಕಿಸದೆ ಅವನೆಂದ: “ಯಾವ ಸೆಮ್ ಸಾರ್?”