ಸರದಿಯಲ್ಲಿ ಅರಳುವ ಊರು

ಮೇ ಕೊನೆಯ ವಾರ ಬೆಂಗಳೂರಿನ ಲಾಲ್‌ಬಾಗ್ ನೋಡಲು ಒಳ್ಳೆಯ ಕಾಲ. ಏಪ್ರಿಲ್‌ನ ಧಗೆ ಇಳಿದಿರುತ್ತದೆ, ಮುಂಗಾರು ಇನ್ನೂ ಪೂರ್ತಿ ಹಿಡಿದಿರುವುದಿಲ್ಲ. ರಾತ್ರಿ ರೋಹಿಣಿ ಮಳೆ ಬಿದ್ದಿದ್ದರೆ ಬೆಳಿಗ್ಗೆ ಗುಲ್‌ಮೊಹರ್ ಮರದಡಿ ಕಾಲಿಡಲು ಜಾಗವಿಲ್ಲದಷ್ಟು ಹೂ. ಒಂದನ್ನು ಎತ್ತಿ ನೋಡಿ: ನಾಲ್ಕು ಎಸಳು ಅಚ್ಚ ಕೆಂಪು, ಐದನೆಯದು ಮಾತ್ರ ಬಿಳಿ, ಅದರ ತುಂಬ ಕೆಂಪು ಗೀರು. ಇದರ ಕೇಸರಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಎಳೆದು, ಯಾರದರ ತಲೆ ಕಳಚಿತೋ ಅವರು ಸೋತರೆಂದು ಆಡುತ್ತಿದ್ದ ಮಕ್ಕಳ ರಜೆಯೂ ಇದೇ ಹೊತ್ತಿಗೆ ಮುಗಿಯುತ್ತಿತ್ತು.

1760ರಲ್ಲಿ ಹೈದರಾಲಿ ಸುಮಾರು 40 ಎಕರೆಯಲ್ಲಿ ಆರಂಭಿಸಿದ ತೋಟವಿದು. ಟಿಪ್ಪು ಬೆಳೆಸಿದ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು, 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಈಗ 240 ಎಕರೆ. ಇದೆಲ್ಲ ಫಲಕಗಳಲ್ಲೇ ಸಿಗುತ್ತದೆ. ನನ್ನನ್ನು ಇಲ್ಲಿಗೆ ಮತ್ತೆ ಮತ್ತೆ ಕರೆತರುವವರು ಗುಸ್ತಾವ್ ಹರ್ಮನ್ ಕ್ರುಂಬಿಗಲ್.

1865ರಲ್ಲಿ ಜರ್ಮನಿಯ ಡ್ರೆಸ್ಡನ್ ಬಳಿ ಹುಟ್ಟಿದವರು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, 1893ರಲ್ಲಿ ಬರೋಡಾಕ್ಕೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನ ಸೇರಿ ಲಾಲ್‌ಬಾಗ್‌ನ ಹೊಣೆ ಹೊತ್ತರು. ಎರಡು ಮಹಾಯುದ್ಧಗಳಲ್ಲೂ ಜರ್ಮನ್ ಪ್ರಜೆ ಎಂಬ ಕಾರಣಕ್ಕೆ ಅವರನ್ನು ಬಂಧನದಲ್ಲಿಟ್ಟರು. ಆದರೂ ಊರು ಬಿಡಲಿಲ್ಲ. 1932ರಲ್ಲಿ ಆ ಹೊಣೆಯನ್ನು ಎಚ್.ಸಿ. ಜವರಾಯರಿಗೆ ಒಪ್ಪಿಸಿ, ಬೆಂಗಳೂರಲ್ಲೇ ಇದ್ದು, 1956ರಲ್ಲಿ ಇಲ್ಲಿಯೇ ತೀರಿಕೊಂಡರು.

ಅವರ ಯೋಚನೆ ಸರಳವಾಗಿತ್ತು. ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು. ವರ್ಷದ ಯಾವ ಕಾಲದಲ್ಲೂ ಊರಿನ ಬೀದಿ ಬರಿದಾಗಬಾರದು. ವರ್ಷದ ಆರಂಭಕ್ಕೆ ಟಬೂಬಿಯಾದ ಗುಲಾಬಿ, ಮಾರ್ಚ್‌ಗೆ ಜಕರಂಡದ ನೇರಳೆ, ಆಮೇಲೆ ಹೊಂಗೆ, ಕಕ್ಕೆ, ಗುಲ್‌ಮೊಹರ್. ಬೇಸಿಗೆ ಹಿಂದೆ ಸರಿಯುವಾಗ ಪೆಲ್ಟೋಫೋರಮ್‌ನ ಹಳದಿ, ಹೊಳೆದಾಸವಾಳದ ನಸುನೇರಳೆ. ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆ. ಎಲ್ಲವನ್ನೂ ಅವರೊಬ್ಬರೇ ನೆಡಿಸಿದ್ದಲ್ಲ. ಅವರಿಗಿಂತ ಹಿಂದೆ ಲಾಲ್‌ಬಾಗ್ ನೋಡಿಕೊಂಡ ಕ್ಯಾಮರಾನ್‌ರಿಗೂ ಮುಂದಿನವರಿಗೂ ಇದರಲ್ಲಿ ಪಾಲಿದೆ. ಆದರೆ ಇಡೀ ಊರನ್ನು ಒಂದು ಪಂಚಾಂಗದಂತೆ ಕಂಡ ಕಣ್ಣು ಅವರದು.

ಈ ಲೆಕ್ಕ ನಾಲ್ಕು ಕುಂಡಗಳ ಮಹಡಿಗೂ ಒಪ್ಪುತ್ತದೆ. ನಮ್ಮ ಬೀದಿಯ ಹಿರಿಯರೊಬ್ಬರು ಕ್ರುಂಬಿಗಲ್ ಹೆಸರನ್ನೇ ಕೇಳಿದವರಲ್ಲ, ಪಾಲಿಸುವುದು ಮಾತ್ರ ಅದನ್ನೇ. ಅವರ ಮಲ್ಲಿಗೆ ಹಿಂದೆಗೆಯುವಾಗ ಫುಟ್‌ಬಾಲ್ ಲಿಲಿ ಏಳುತ್ತದೆ. ಚಳಿಗಾಲವಿಡೀ ಎಲೆಯೂ ಇಲ್ಲದೆ ಮಣ್ಣೊಳಗೆ ಮಲಗಿದ್ದ ಗೆಡ್ಡೆ ಅದು. ಆಗ ನೀರು ಹಾಕಿದರೆ ಕೊಳೆಯುತ್ತದೆಂದು ಆ ಕುಂಡದ ಹತ್ತಿರ ಯಾರನ್ನೂ ಬಿಡುವುದಿಲ್ಲ. ಮೊದಲ ಮಳೆ ಬಿದ್ದ ಮೇಲೆ ಮಣ್ಣು ಸೀಳಿಕೊಂಡು ದಪ್ಪ ದಂಟು ಮೇಲೆದ್ದು, ಅದರ ತುದಿಯಲ್ಲಿ ನೂರಾರು ಸಣ್ಣ ಕೆಂಪು ಹೂಗಳು ಸೇರಿ ಒಂದು ಚೆಂಡಾಗುತ್ತವೆ. ಅದು ಬಾಡುವಷ್ಟರಲ್ಲಿ ಬ್ರಹ್ಮಕಮಲದ ರಾತ್ರಿಗಳು, ಆಮೇಲೆ ಡೇರೆ, ಪಾರಿಜಾತ, ಚಳಿಗೆ ಸೇವಂತಿಗೆ. ಗೆಡ್ಡೆ ಹೆಚ್ಚಾದಾಗ ಅಕ್ಕಪಕ್ಕದ ಮನೆಗೆ ಹಂಚುತ್ತಾರೆ. ಲಾಲ್‌ಬಾಗ್‌ನ ಒಳಗಿನ ನರ್ಸರಿಯಲ್ಲಿ ಗಿಡ ಕೊಳ್ಳುವವರೂ ಚಂದ ನೋಡುವುದರ ಜತೆ ಹೂ ಬಿಡುವ ತಿಂಗಳನ್ನು ಕೇಳಿಕೊಂಡರೆ ಮನೆಯಂಗಳ ಎಂದೂ ಖಾಲಿಯಾಗದು.

ಊರಿನ ಪಂಚಾಂಗದಿಂದ ಮಾತ್ರ ಹಾಳೆಗಳು ಹರಿದುಹೋಗುತ್ತಿವೆ. ರಸ್ತೆ ಅಗಲಿಸಲು ಸಾಲುಮರ ಕಡಿದಾಗ ಹೋಗುವುದು ನೆರಳಷ್ಟೇ ಅಲ್ಲ, ಆ ಬೀದಿಯ ಒಂದು ತಿಂಗಳೂ ಹೋಗುತ್ತದೆ. ಬದಲಿಗೆ ನೆಟ್ಟ ಸಸಿಗಳಲ್ಲಿ ಆ ಸರದಿಯ ಯೋಚನೆಯೇ ಕಾಣುವುದಿಲ್ಲ. ಜೂನ್ 5ರ ಪರಿಸರ ದಿನಕ್ಕೆ ಎಲ್ಲೆಡೆ ಗುಂಡಿ ತೋಡುತ್ತಾರೆ. ಎಷ್ಟು ಸಸಿ ಎಂಬುದರ ಪಕ್ಕದಲ್ಲಿ ಅವು ಹೂ ಬಿಡುವ ತಿಂಗಳನ್ನೂ ಬರೆದಿಟ್ಟುಕೊಳ್ಳಲಿ. ನಮ್ಮ ತಿರುವಿನ ಪೆಲ್ಟೋಫೋರಮ್ ಹೋದ ಮೇಲೆ, ನಮ್ಮ ಬೀದಿಗೆ ಈಗ ಮೇ ತಿಂಗಳು ಬೇಕಾಗಿದೆ.